ಎರಡು ಬೆರಳು ನೀಲಿ

ಕೆರೆಯ ತಳದಲ್ಲಿ ಪದರವಾಗಿ ಉಳಿಯದ ವರ್ಷ ಆ ಊರಿನ ಪಾಲಿಗೆ ನಡೆದ ವರ್ಷವೇ ಅಲ್ಲ.

ಮೂಡಣದಿಂದ ಹಳ್ಳವೊಂದು ಬಂದು ಕೆರೆಗೆ ಸೇರುತ್ತಿತ್ತು. ಪಡುವಣದಲ್ಲಿ ಕೋಡಿ. ಕೆರೆ ತುಂಬಿದರೆ ನೀರು ಕೋಡಿ ದಾಟಿ ಮತ್ತೆ ಹಳ್ಳವಾಗಿ ಕೆಳಗೆ ಹರಿಯುತ್ತಿತ್ತು. ನಡುವಿನ ಏರಿಯುದ್ದಕ್ಕೂ ಊರು.

ಮಳೆಗಾಲದಲ್ಲಿ ಹಳ್ಳ ತರುವ ಮಣ್ಣು ತಿಳಿಬಣ್ಣದ್ದು, ತರಿತರಿ. ಬೇಸಿಗೆಯಲ್ಲಿ ನಿಂತ ನೀರಿನಿಂದ ಇಳಿಯುವ ಮಣ್ಣು ಕಪ್ಪು, ನುಣುಪು. ಒಂದು ತಿಳಿ, ಅದರ ಮೇಲೊಂದು ಕಪ್ಪು: ಇಷ್ಟಾದರೆ ಒಂದು ವರ್ಷ. ದಪ್ಪ ಅರ್ಧ ಬೆರಳು.

ಹೂಳಿನ ಮೇಲಿನ ನಾಲ್ಕು ಬೆರಳಿನಲ್ಲಿ ಜೀವ ಇರುತ್ತಿತ್ತು. ಕೆಂಪು ಹುಳು, ಬಸವನಹುಳು, ಅವುಗಳ ಮೊಟ್ಟೆ. ಅದರ ಕೆಳಗೆ ಗಾಳಿ ಇಲ್ಲ, ಜೀವ ಇಲ್ಲ. ಬದುಕಿದ್ದವುಗಳ ಚಿಪ್ಪು ಮತ್ತು ಸಿಪ್ಪೆ ಮಾತ್ರ, ಸತ್ತ ಕ್ರಮದಲ್ಲೇ ಒಂದರ ಮೇಲೊಂದು.

ಪ್ರತಿ ವರ್ಷ ಬೇಸಿಗೆಯ ಕೊನೆಯ ವಾರ, ನೀರು ತೀರಾ ಇಳಿದಾಗ, ಊರು ಪದರ ಓದುತ್ತಿತ್ತು. ಕೊಳವೆಯವಳು ಹರಿಗೋಲಿನಲ್ಲಿ, ಓದುವ ಜಾಗದ ಗುರುತಿಗೆ ನೆಟ್ಟ ಓದುಕಂಬದ ತನಕ ಹೋಗುವಳು. ಕಂಬದ ಬುಡದಲ್ಲಿ ಹಿತ್ತಾಳೆ ಕೊಳವೆಯನ್ನು ಹೂಳಿಗೆ ಇಳಿಸುವಳು. ಅವಸರ ಮಾಡಿದರೆ ಮೇಲಿನ ಪದರಗಳು ಕುಸಿಯುತ್ತವೆ. ಆದ್ದರಿಂದ ನೂರು ಉಸಿರಿಗೆ ಒಂದು ಮೊಳ. ಮೇಲಿನ ಬಾಯಿಗೆ ಅಂಗೈ ಒತ್ತಿ ಎಳೆಯುವಳು. ಕೊಳವೆ ನೀರು ಬಿಟ್ಟು ಹೊರಬರುವ ಮೊದಲು ಕೆಳಗಿನ ಬಾಯಿಗೆ ಇನ್ನೊಂದು ಅಂಗೈ. ದಡದ ಹಾಸುಗಲ್ಲಿನ ಮೇಲೆ ಹೂಳಿನ ಉರುಳೆಯನ್ನು ಮೆಲ್ಲಗೆ ತಳ್ಳಿ ಹೊರತೆಗೆದು, ದಾರದಿಂದ ಉದ್ದಕ್ಕೆ ಸೀಳುವಳು.

ಆಗ ಎಣಿಸುವವನು ಬಿದಿರುಕಡ್ಡಿ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದು ವರ್ಷದ ಹೆಸರು ಹೇಳುವನು.

"ಎರಡು ಮಳೆಯ ವರ್ಷ. ಇದೆಯೇ?"

"ಇದೆ," ಎನ್ನುವುದು ಊರು.

"ಮಿಡತೆಯ ವರ್ಷ. ಇದೆಯೇ?"

"ಇದೆ."

ಎಲ್ಲ ವರ್ಷಗಳೂ ಇವೆ ಎಂದಾದ ಮೇಲೆ ಬೆರಳಿಡುವ ಕೆಲಸ. ಏರಿಯ ಮೇಲೊಂದು ಅಳತೆಗಲ್ಲು ಇತ್ತು. ಅದರಷ್ಟು ಎತ್ತರ ಬೆಳೆದವರು ಆ ದಿನ ತಾವು ಹುಟ್ಟಿದ ವರ್ಷದ ಪದರದ ಮೇಲೆ ಬೆರಳಿಟ್ಟು ತಮ್ಮ ಹೆಸರು ಹೇಳಬೇಕು. ಅಂದಿನಿಂದ ಕೆರೆಯ ನೀರಿನಲ್ಲಿ ಅವರಿಗೆ ಪಾಲು. ಅಂದಿನಿಂದ ಆ ವರ್ಷವನ್ನು ಅವರೇ ಹೊರಬೇಕು. ಮೀನು ಹೆಚ್ಚಿದ ವರ್ಷದವರಿಗೆ ಊರೂಟದಲ್ಲಿ ಮೊದಲ ತುತ್ತು. ಮಿಡತೆಯ ವರ್ಷದವರಿಗೆ ತಿಂಗಳಿಗೊಂದು ದಿನ ಉಪವಾಸ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಪದರ ಇಲ್ಲದವರು ಕೋಡಿಯಾಚೆ ಹೋಗಬೇಕು. ಅಲೆದು ಬಂದು ಊರಲ್ಲಿ ನೆಲೆಸಲು ನೋಡಿದ ಕೆಲವರು ಹಾಗೆ ಹೋಗಿದ್ದರು. ಒಂದು ಹೊತ್ತಿನ ಬುತ್ತಿ ಕೊಟ್ಟು ಕಳಿಸುತ್ತಿದ್ದರು. ಯಾರೂ ಮರಳಿರಲಿಲ್ಲ.

ಮಿಡತೆಯ ವರ್ಷಕ್ಕೂ ಎರಡು ಮಳೆಯ ವರ್ಷಕ್ಕೂ ನಡುವೆ ಇನ್ನೊಂದು ವರ್ಷ ಇತ್ತು.

ಆ ವರ್ಷ ಊರಿಗೆ ಜ್ವರ ಬಂತು. ಕೆರೆಯ ಬಸವನಹುಳುವಿನಿಂದ ಬಂತು ಎಂದರು. ಹುಳು ಸಾಯಲೆಂದು ಏಳು ದಿನ, ದಿನಕ್ಕೆ ಏಳು ಮೂಟೆ, ಕೆರೆಗೆ ಮೈಲುತುತ್ತ ಸುರಿದರು. ಸುರಿದವರಲ್ಲಿ ಕೊಳವೆಯವಳೂ ಒಬ್ಬಳು; ಆಗ ಬಸುರಿ. ನೀರು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ಮೊದಲು ಸತ್ತದ್ದು ನೀರುಚಿಗಟ. ಸಾಸಿವೆಗಿಂತ ಸಣ್ಣ ಜೀವಿ. ಹಗಲೆಲ್ಲ ಆಳದಲ್ಲಿದ್ದು ಸಂಜೆ ಮೇಲೇರುತ್ತದೆ. ಆ ಸಂಜೆ ಮೇಲೇರಲಿಲ್ಲ. ಆಮೇಲೆ ಬಸವನಹುಳು, ಕೆಂಪು ಹುಳು, ಮೀನು.

ಊರು ಬಾವಿ ನೀರು ಕುಡಿಯಿತು. ಕೋಡಿಯ ಕೆಳಗೆ, ಹಳ್ಳದ ದಂಡೆಯಲ್ಲಿ, ಮೂವತ್ತೊಂದು ಜನರ ಒಂದು ಕೇರಿ ಇತ್ತು. ಅವರಿಗೆ ಹಳ್ಳ ಬಿಟ್ಟರೆ ಬೇರೆ ನೀರಿಲ್ಲ. ಹೇಳಿದರೆ ಬಾವಿಗೆ ಬರುತ್ತಾರೆ. ಬಂದರೆ ಬಾವಿ ಸಾಲದು. ಊರು ಹೇಳಲಿಲ್ಲ. ಕೆರೆ ತುಂಬಿತು, ಕೋಡಿ ಹರಿಯಿತು. ಕೇರಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಬೇಸಿಗೆ ಬಂತು. ಓದುವ ದಿನಕ್ಕೆ ಮೊದಲು ಪರೀಕ್ಷೆಗೆಂದು ಕೊಳವೆ ಎತ್ತಿದಾಗ ಎಲ್ಲಕ್ಕಿಂತ ಮೇಲೆ ನೀಲಿ ಪದರ. ಅರ್ಧ ಬೆರಳಲ್ಲ, ಎರಡು ಬೆರಳು. ಸತ್ತದ್ದೂ ಸುರಿದದ್ದೂ ಎಲ್ಲ ಇಳಿದಿತ್ತು. ಪದರ ಓದಿದರೆ ವರ್ಷಕ್ಕೆ ಹೆಸರಿಡಬೇಕು. ಹೆಸರಿಟ್ಟರೆ ನಡೆದದ್ದನ್ನು ಹೇಳಬೇಕು.

"ಕಂಬ ಬೇರೆ ಕಡೆ ನೆಡು," ಎಂದ ಎಣಿಸುವವನು.

ಕೊಳವೆಯವಳು ಎಂಟು ಕಡೆ ಕೊಳವೆ ಇಳಿಸಿದಳು. ಎಂಟು ಕಡೆಯೂ ನೀಲಿ. ಒಂಬತ್ತನೆಯದು ಹಳ್ಳ ಕೆರೆಗೆ ಬೀಳುವ ಬಾಯಿ. ಅಲ್ಲಿ ನೀರಿನ ಸೆಳೆತ ಆ ವರ್ಷದ ಹೂಳನ್ನು ಕೊಚ್ಚಿಕೊಂಡು ಹೋಗಿತ್ತು. ಕಂಬವನ್ನು ಅಲ್ಲಿ ನೆಟ್ಟಳು. ಊರಿನವರೆಲ್ಲ ಒಂದೊಂದು ವರ್ಷ ಚಿಕ್ಕವರಾದರು. ಮುದುಕರಿಗೆ ಅದು ಹಿತವಾಗಿಯೇ ಇತ್ತು.

ಕಂಬದ ಬುಡಕ್ಕೆ ಕಲ್ಲು ಜಡಿಯುವಾಗ ಅವಳ ಬೆನ್ನಿಗೆ ಕಟ್ಟಿದ್ದ ಕೂಸು ಅಳುತ್ತಿತ್ತು. ಆ ವರ್ಷ ಊರಲ್ಲಿ ಹುಟ್ಟಿ ಉಳಿದ ಒಂದೇ ಕೂಸು. ಅದು ಯಾವ ವರ್ಷದ್ದು ಎಂಬುದು ಅವಳಿಗೆ ಹೊಳೆದದ್ದು ಮನೆಗೆ ಬಂದು ಜೋಲಿಗೆ ಹಾಕುವಾಗ.

*

ಮಗಳು ಬೆಳೆದಳು. ತಲೆ ಅಳತೆಗಲ್ಲನ್ನು ಸಮೀಪಿಸಿದಾಗ ತಾಯಿ ಅವಳಿಗೆ ಬಗ್ಗಿ ನಡೆಯುವುದನ್ನು ಕಲಿಸಿದಳು. ಕೊಡ ಸೊಂಟದ ಮೇಲಲ್ಲ, ಬೆನ್ನ ಮೇಲೆ. ಕಸ ಗುಡಿಸಲು ಮೋಟು ಪೊರಕೆ. ನಿಂತು ಮಾತಾಡುವಂತಿಲ್ಲ, ಕುಳಿತೇ ಆಡಬೇಕು. ಎರಡು ವರ್ಷ ಹಾಗೆ ಕಳೆಯಿತು.

ಆ ಬೇಸಿಗೆ ಒಂದು ಬೆಳಿಗ್ಗೆ ನೀರಗಂಟಿ ಅವಳನ್ನು ಏರಿಯ ಮೇಲೆ ತಡೆದ. ಕೆರೆಯ ತೂಬು ಎತ್ತಿ ಇಳಿಸುವವನು ಅವನು. ಅಳತೆಗಲ್ಲೂ ಅವನ ಸುಪರ್ದಿಯಲ್ಲೇ.

"ಏನವ್ವಾ, ಕುಡುಗೋಲಿನ ಹಂಗೆ ಬಾಗಿದ್ದೀಯ? ನಿಮ್ಮಜ್ಜಿಗಿಂತ ಮುಂಚೆ ಮುದುಕಿ ಆಗೋ ಆಸೆನಾ?"

"ಬೆನ್ನು ನೋವು ಮಾವ."

"ಎರಡು ವರ್ಷದಿಂದಾನಾ?"

"ಹೂಂ."

"ಈ ಕಲ್ಲಿಗೆ ಬೆನ್ನು ಕೊಟ್ಟು ನಿಲ್ಲು. ನೋವಿಗೆ ಒಳ್ಳೇದು."

ಅವಳು ನಿಂತಳು. ಅವನು ಗದ್ದದ ಕೆಳಗೆ ಕೈಕೊಟ್ಟು ಎತ್ತಿದ. ತಲೆ ಕಲ್ಲನ್ನು ದಾಟಿ ಮೇಲೆ ಬಂತು.

"ನೋಡು, ವಾಸಿ ಆಯ್ತು," ಅಂದ. ನಗಲಿಲ್ಲ. "ಓದೋಕೆ ಇನ್ನು ಒಂಬತ್ತು ದಿನ. ನಿಮ್ಮವ್ವಂಗೆ ಹೇಳು."

ಮೊದಲ ಮೂರು ದಿನ ತಾಯಿ ಒಂದು ಸುಳ್ಳು ವರ್ಷ ಮಾಡಿದಳು. ಹೂಳನ್ನು ಬಟ್ಟೆಯಲ್ಲಿ ಸೋಸಿ ತಿಳಿ ಬೇರೆ, ಕಪ್ಪು ಬೇರೆ ಮಾಡಿದಳು. ಕೊಳವೆಯೊಳಗೆ ಒಂದರ ಮೇಲೊಂದು ಕೂರಿಸಿದಳು. ಬಣ್ಣ ಸರಿಯಿತ್ತು, ದಪ್ಪ ಸರಿಯಿತ್ತು. ಭೂತಗನ್ನಡಿ ಹಿಡಿದು ನೋಡಿದಳು. ನೀರುಚಿಗಟದ ಸಿಪ್ಪೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ನಿಜವಾದ ವರ್ಷದಲ್ಲಿ ಅವು ಸಾಲಾಗಿ ಮಲಗಿರುತ್ತವೆ, ಒಂದೊಂದೂ ತನ್ನ ತನ್ನ ದಿನ ಇಳಿದದ್ದು. ಎಣಿಸುವವನ ಹತ್ತಿರವೂ ಭೂತಗನ್ನಡಿ ಇತ್ತು. ಒಂದು ವರ್ಷದ ಸಾವನ್ನು ಮೂರು ದಿನದಲ್ಲಿ ಜೋಡಿಸಲು ಅವಳಿಂದ ಆಗಲಿಲ್ಲ.

ನಾಲ್ಕನೆಯ ದಿನ ಎಣಿಸುವವನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತು ಬಿದಿರುಕಡ್ಡಿ ಕೆತ್ತುತ್ತಿದ್ದ.

"ಅಜ್ಜಾ, ಕಂಬ ಹಳೇ ಜಾಗಕ್ಕೆ ಹಾಕಿಸಿ."

"ಯಾವ ಹಳೇ ಜಾಗ?"

"ನಿಮಗೆ ಗೊತ್ತು."

"ನನಗೆ ಎಷ್ಟೋ ಗೊತ್ತಿಲ್ಲ ಕಣವ್ವ. ಹದಿನಾರು ವರ್ಷದಿಂದ ಅಭ್ಯಾಸ ಮಾಡಿದ್ದೀನಿ."

"ನನ್ನ ಮಗಳು ಕೋಡಿಯಾಚೆ ಹೋಗ್ತಾಳೆ."

ಕೆತ್ತುವ ಕೈ ನಿಂತಿತು. "ಕಂಬ ಕಿತ್ತವಳು ನೀನು. ಒಂಬತ್ತು ಕಡೆ ಚುಚ್ಚಿ ನೋಡಿದವಳು ನೀನು. ಇಲ್ಲಿ ನೀಲಿ ಇಲ್ಲ ಅಂತ ಓಡಿಬಂದು ಹೇಳಿದವಳೂ ನೀನೇ. ಬೆನ್ನ ಮೇಲೆ ಕೂಸಿತ್ತಲ್ಲ, ಅದು ಯಾವ ವರ್ಷದ್ದು ಅಂತ ಅನ್ನಿಸಲೇ ಇಲ್ವಾ?"

"ಇಲ್ಲ. ನಿಮಗೆ ಅನ್ನಿಸಿತ್ತಾ?"

"ಅನ್ನಿಸಿತ್ತು."

"ಮತ್ತೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕಂಬ ನೆಡ್ತಿದ್ಯಾ?"

ಅವನು ಕಡ್ಡಿಯ ತುದಿಯನ್ನು ಬೆರಳಿನಿಂದ ನೋಡಿಕೊಂಡ.

"ಎತ್ತಿದ ಪದರವನ್ನ ತಿರುಗಿ ಇಳಿಸೋಕೆ ಬರಲ್ಲ. ಯೋಚನೆ ಮಾಡು," ಎಂದ.

ಮನೆಯಲ್ಲಿ ಮಗಳು ಮಧ್ಯಾಹ್ನದ ಊಟಕ್ಕೆ ಕಾದಿದ್ದಳು. ಕುಳಿತೇ.

"ಏನಂದ್ರು?"

"ಏನೂ ಅನ್ನಲಿಲ್ಲ."

"ಅವ್ವ, ನಾನು ಎರಡು ಮಳೆಯ ವರ್ಷದವಳು ಅಂತ ಹೇಳಿಬಿಡೋಣ."

"ಆ ವರ್ಷದ ಮಕ್ಕಳು ಯಾರ್ಯಾರು ಅಂತ ಊರಿಗೇ ಗೊತ್ತು. ನೀನು ಓಡಾಡುವಾಗ ಅವು ತೊಟ್ಟಿಲಲ್ಲಿದ್ದವು."

"ಹಂಗಾದ್ರೆ ಮಿಡತೆ ವರ್ಷ. ತಿಂಗಳಿಗೊಂದು ದಿನ ಉಪವಾಸ ತಾನೆ? ನಿನ್ನ ಸಾರಿನಿಂದ ಒಂದು ದಿನ ತಪ್ಪಿಸಿಕೊಂಡ ಹಾಗೂ ಆಯ್ತು."

ತಾಯಿ ನಗಲಿಲ್ಲ. ಕೆಳಗಿನ ಕೇರಿಯ ಮಾತು ತೆಗೆದಳು; ಅಲ್ಲಿಯವರು ಜ್ವರದಿಂದ ಸತ್ತರು ಎಂದೇ ಊರಿನ ಮಕ್ಕಳಿಗೆಲ್ಲ ಹೇಳಿದ್ದರು. ಮೂಟೆ, ಕೋಡಿ, ಕಂಬ, ಎಲ್ಲವನ್ನೂ ಹೇಳಿದಳು. ಮಗಳು ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.

"ಮೂವತ್ತೊಂದು ಅಂತ ಹೇಗೆ ಗೊತ್ತು?"

"ಎಣಿಸಿದೆವು."

"ಯಾವಾಗ?"

"ಆಮೇಲೆ."

"ಮಕ್ಕಳಿದ್ವಾ?"

"ಇದ್ವು."

"ನನ್ನ ವಾರಿಗೆಯವು?"

ತಾಯಿ ತಟ್ಟೆ ಎತ್ತಿಕೊಂಡು ಎದ್ದಳು. ಹಿತ್ತಿಲಲ್ಲಿ ಅದನ್ನು ಬಹಳ ಹೊತ್ತು ತೊಳೆದಳು. ತಿರುಗಿ ಬಂದಾಗ ತೀರ್ಮಾನ ಮಾಡಿಯಾಗಿತ್ತು.

"ನೀಲಿಯನ್ನೇ ಎತ್ತುತ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ಸುರಿದವರು ನಾವು, ಹೊರುವವರೂ ನಾವೇ. ನೀನು ಬೆರಳಿಟ್ಟು ಹೆಸರು ಹೇಳು, ಸಾಕು. ಪದರ ಸುಳ್ಳು ಹೇಳಲ್ಲ."

"ಪದರ ಮಾತೇ ಆಡಲ್ಲ ಅವ್ವ," ಎಂದಳು ಮಗಳು. "ಆಡೋದು ಅಜ್ಜ."

*

ಓದುವ ದಿನ ಊರೆಲ್ಲ ದಡದಲ್ಲಿ ನಿಂತಿತ್ತು. ಹರಿಗೋಲು ಓದುಕಂಬದ ಕಡೆ ಹೋಗಲಿಲ್ಲ. ಕೆರೆಯ ನಡುವಿಗೆ, ಮೊದಲು ಕಂಬ ಇದ್ದ ಆಳಕ್ಕೆ ಹೋಯಿತು.

"ಕಂಬ ಈ ಕಡೆ ಕಣವ್ವೋ! ಕಣ್ಣು ಹೋದ್ವಾ?" ಎಂದು ನೀರಗಂಟಿ ಕೂಗಿದ.

ಅವಳು ತಿರುಗಿ ನೋಡಲಿಲ್ಲ. ಕೊಳವೆ ಇಳಿಸಿದಳು. ನೂರು ಉಸಿರು, ಒಂದು ಮೊಳ. ಇನ್ನೂ ನೂರು, ಇನ್ನೊಂದು ಮೊಳ. ಎಳೆದಳು. ದಡಕ್ಕೆ ತಂದು ಹಾಸುಗಲ್ಲಿನ ಮೇಲೆ ತಳ್ಳಿ, ಸೀಳಿದಳು.

ತಿಳಿ, ಕಪ್ಪು, ತಿಳಿ, ಕಪ್ಪು. ಹಾಗೆ ಹದಿನಾರು. ಆಮೇಲೆ ನೀಲಿ.

ನೀಲಿಯ ತಳದ ಅಂಚಿನಲ್ಲಿ ಬಸವನಹುಳುವಿನ ಚಿಪ್ಪು ಒತ್ತೊತ್ತಾಗಿ ಮೆತ್ತಿಕೊಂಡಿತ್ತು. ಅದರ ಮೇಲೆ ಎರಡು ಬೆರಳು ದಪ್ಪಕ್ಕೆ ಒಂದು ಚಿಪ್ಪಿಲ್ಲ, ಒಂದು ಸಿಪ್ಪೆಯಿಲ್ಲ.

"ಇದ್ಯಾವುದು?" ಎಂದು ಕಿರಿಯರು ಒಬ್ಬರನ್ನೊಬ್ಬರು ಕೇಳಿದರು. ಹಿರಿಯರು ತಮ್ಮ ಕಾಲು ನೋಡಿಕೊಂಡರು.

ಎಣಿಸುವವನು ಬಾಗಿ ಭೂತಗನ್ನಡಿ ಇಟ್ಟು ನೋಡಿದ. ಅವನು ಉರುಳೆಯನ್ನು ನೀರಿಗೆ ಎಸೆಯುತ್ತಾನೆ ಎಂದುಕೊಂಡವರಿದ್ದರು. ಅವನು ಎಸೆಯಲಿಲ್ಲ. ಕಡ್ಡಿ ಎತ್ತಿಕೊಂಡು ಮೇಲಿನಿಂದ ಶುರು ಮಾಡಿದ. ಪ್ರತಿ ವರ್ಷಕ್ಕೂ ಊರು ಇದೆ ಎಂದಿತು. ಎರಡು ಮಳೆಯ ವರ್ಷವೂ ಆಯಿತು. ಕಡ್ಡಿ ನೀಲಿಯ ಮೇಲೆ ಬಂದು ನಿಂತಿತು.

"ಇದನ್ನು ಕಂಡವರು ಹೇಳಬೇಕು," ಎಂದ.

ಕೊಳವೆಯವಳು ಹೇಳಿದಳು. ತನ್ನಿಂದಲೇ ಶುರು ಮಾಡಿದಳು. "ನಾನು ಸುರಿದೆ. ನನ್ನ ಬಲಗಡೆ ನೀರಗಂಟಿ ಸುರಿದ. ಮೂಟೆ ಎಣಿಸಿದ್ದು ಈ ಅಜ್ಜ. ಕೋಡಿ ಹರಿಯುವಾಗ ನಾವೆಲ್ಲ ಏರಿಯ ಮೇಲೆ ನಿಂತಿದ್ದೆವು. ಕೆಳಗೆ ಒಬ್ಬಳು ಕೊಡ ತುಂಬುತ್ತಿದ್ದಳು. ನಮ್ಮನ್ನು ನೋಡಿ ಕೈಯೆತ್ತಿದಳು. ನಾವೂ ಎತ್ತಿದೆವು." ಒಂದು ಕೊಡ ತುಂಬುವಷ್ಟು ಹೊತ್ತಿನಲ್ಲಿ ಎಲ್ಲ ಹೇಳಿ ಮುಗಿದಿತ್ತು.

"ಮೈಲುತುತ್ತದ ವರ್ಷ," ಎಂದ ಎಣಿಸುವವನು. "ಇದೆಯೇ?"

ಅವನು ಕಡ್ಡಿಯಿಂದ ನೀಲಿಯನ್ನು ಮತ್ತೆ ತಟ್ಟಿದ.

"ಇದೆಯೇ?"

"ಇದೆ," ಎಂದಳು ಹಿಂದಿನ ಸಾಲಿನ ಒಬ್ಬ ಮುದುಕಿ.

ಆಮೇಲೆ ಎಲ್ಲರೂ ಇದೆ ಎಂದರು. ಬೇರೆ ಯಾವ ವರ್ಷಕ್ಕೂ ಊರು ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲ. ಕೆಲವರು ಅತ್ತರು. ಹೊರೆ ಇಳಿಸಿ ಕೂತವರ ಹಾಗೆ ಉಸಿರು ಬಿಟ್ಟರು. ತಾಯಿ ಅದನ್ನು ಕೇಳಿ, ಗೆದ್ದೆ ಎಂದುಕೊಂಡಳು.

"ಈ ವರ್ಷದವರು ಬೆರಳಿಡಲಿ."

ಮಗಳು ಮುಂದೆ ಬಂದಳು. ನೀಲಿಯ ಮೇಲೆ ಬೆರಳಿಟ್ಟು ಹೆಸರು ಹೇಳಿದಳು.

"ಇನ್ನು ನಮ್ಮ ಕೈ," ಎಂದಳು ತಾಯಿ. "ಸುರಿದವರೆಲ್ಲ ಬನ್ನಿ."

ಯಾರೂ ಬರಲಿಲ್ಲ. ಅವಳೊಬ್ಬಳೇ ಕೈ ಚಾಚಿದಳು. ಎಣಿಸುವವನು ಕಡ್ಡಿಯಿಂದ ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ನಿನ್ನದು ಮೀನಿನ ವರ್ಷ. ನೋಡು, ಒಂದು ಗೇಣು ಕೆಳಗಿದೆ. ಒಬ್ಬರ ವರ್ಷವನ್ನು ಇನ್ನೊಬ್ಬರು ಹೊರುವ ಪದ್ಧತಿ ಇಲ್ಲ."

"ಅವಳು ಆಗ ಹೊಟ್ಟೆಯಲ್ಲಿದ್ದಳು!"

"ಮಿಡತೆಯ ವರ್ಷದವರೂ ಮಿಡತೆ ಸಾಕಿರಲಿಲ್ಲವಲ್ಲವ್ವ."

ಜನ ತಲೆಯಾಡಿಸಿದರು. ಮಾತು ನ್ಯಾಯವಾಗಿತ್ತು. ತಿಂಗಳಿಗೊಂದು ದಿನ ಉಪವಾಸವಿರುವ ಹನ್ನೊಂದು ಮಂದಿ ಎಲ್ಲರಿಗಿಂತ ಹೆಚ್ಚಾಗಿ ಆಡಿಸಿದರು.

"ಏನು ಹೊರಬೇಕು?" ಎಂದು ಕೇಳಿದಳು ಮಗಳು. ಅವಳ ಬೆರಳು ಇನ್ನೂ ನೀಲಿಯ ಮೇಲೇ ಇತ್ತು.

ಎಣಿಸುವವನು ಹಿರಿಯರನ್ನು ನೋಡಿದ. ನೀರಗಂಟಿ ಗಂಟಲು ಸರಿಮಾಡಿಕೊಂಡ. "ಕೆಳಗಿನ ಕೇರಿ ಖಾಲಿ ಬಿದ್ದಿದೆ. ಹೋಗಿ ಅಲ್ಲಿರಲಿ. ಅವರು ಕುಡಿದ ನೀರು ಕುಡಿದುಕೊಂಡು."

"ಅವಳಿಗೆ ಕೆರೆಯಲ್ಲಿ ಪಾಲಿದೆ!" ಎಂದಳು ತಾಯಿ. "ಬೆರಳಿಟ್ಟಿದ್ದಾಳೆ. ಪಾಲಿದೆ!"

"ಇದೆ," ಎಂದ ಎಣಿಸುವವನು. "ಇಲ್ಲ ಅಂದೋರು ಯಾರು? ಕೋಡಿ ಹರಿದಾಗ ಬರುತ್ತೆ."

*

ಮರುದಿನ ಬೆಳಿಗ್ಗೆ ಮಗಳು ಕೋಡಿಯ ಹತ್ತಿರ ಬಂದಾಗ ಅಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಬುತ್ತಿ ಕೊಡಲು ಬಂದಿದ್ದಾರೆ ಎಂದುಕೊಂಡಳು. ಕೆಲವರ ಕೈಯಲ್ಲಿ ಬುತ್ತಿಯೂ ಇತ್ತು.

ಮೊದಲನೆಯವನು ಹತ್ತಿರ ಬಂದು ದನಿ ತಗ್ಗಿಸಿದ. "ಅಣ್ಣನ ಹೊಲದ ಬದು ಒತ್ತಿದ್ದೆ ಕಣವ್ವ. ಅದೂ ಆ ವರ್ಷವೇ."

"ಆಯ್ತು," ಎಂದಳು.

"ನಮ್ಮತ್ತೆ ಮಲಗಿದ್ದಾಗ ಗಂಜಿ ಕೊಡಲಿಲ್ಲ. ಆ ವರ್ಷ," ಎಂದಳು ಒಬ್ಬಾಕೆ.

"ಆಯ್ತು."

"ನಾನು ಹೋದ ವರ್ಷ..." ಎಂದು ಶುರು ಮಾಡಿದ ಮತ್ತೊಬ್ಬ. ತಡೆದ. "ಅಲ್ಲ, ಆ ವರ್ಷವೇ ಇರಬೇಕು."

"ಆಯ್ತು ಮಾವ. ಆ ವರ್ಷವೇ."

ಅವಳಿಗಿಂತ ಚಿಕ್ಕ ಹುಡುಗಿಯೊಬ್ಬಳು ಸಾಲಿನಲ್ಲಿದ್ದಳು.

"ನೀನಾಗ ಹುಟ್ಟೇ ಇರಲಿಲ್ಲವಲ್ಲೇ?"

"ನಂದಲ್ಲಕ್ಕ, ನಮ್ಮಪ್ಪಂದು. ಬರೋಕೆ ನಾಚಿಕೆಯಂತೆ."

ಮಗಳು ನಕ್ಕಳು. ನಗು ಬೇಗ ನಿಂತಿತು. "ಆಯ್ತು ಅಂತ ಹೇಳು," ಎಂದಳು.

ಹೇಳಿದವರೆಲ್ಲ ಹಗುರಾಗಿ ಏರಿ ಹತ್ತಿ ಹೋದರು. ಮನೆಗಳಿಂದ ಒಗ್ಗರಣೆಯ ವಾಸನೆ ಬರತೊಡಗಿತು. ಕೊನೆಯಲ್ಲಿ ತಾಯಿ ಉಳಿದಳು. ಅವಳ ಎಡಕ್ಕೊಬ್ಬ, ಬಲಕ್ಕೊಬ್ಬ ಆಳು ನಿಂತಿದ್ದರು.

"ನಾನೂ ಬರ್ತೀನಿ," ಎಂದಳು.

"ನಿನ್ನ ಬಿಡಲ್ಲ ಅವ್ವ. ಮುಂದಿನ ವರ್ಷ ಕೊಳವೆ ಇಳಿಸೋರು ಬೇಕಲ್ಲ."

"ನಾನು ಆ ವರ್ಷ..."

ಮಗಳು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ನಿನ್ನದು ಬೇಡ. ಎಲ್ಲರದೂ ತಗೊಂಡೆ. ನಿನ್ನದು ನೀನೇ ಇಟ್ಕೋ."

ಕೈ ತೆಗೆದಳು. ಬುತ್ತಿಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಕೋಡಿಯ ಕಲ್ಲುಗಳ ಮೇಲೆ ಕಾಲಿಡುತ್ತ ಕೆಳಗಿಳಿದಳು.

ಬೇಸಿಗೆಯಾದ್ದರಿಂದ ಹಳ್ಳದಲ್ಲಿ ಹರಿವು ಇರಲಿಲ್ಲ; ಅಲ್ಲಲ್ಲಿ ಗುಂಡಿಯಲ್ಲಿ ನಿಂತ ನೀರು. ಗುಂಡಿಯ ಕಲ್ಲಿನಡಿ ಹುಳು ಅಂಟಿಕೊಂಡಿದ್ದರೆ ಆ ನೀರು ಕುಡಿಯಬಹುದು. ಇಲ್ಲದಿದ್ದರೆ ಕುಡಿಯಬಾರದು. ಕೊಳವೆಯವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ಗುಂಡಿಯ ಬಳಿ ಮಗಳು ಕುಕ್ಕರಗಾಲಲ್ಲಿ ಕೂತಳು. ಒಂದು ಕಲ್ಲೆತ್ತಿ ಅಡಿ ನೋಡಿದಳು. ಇದ್ದಲ್ಲೇ ಇಟ್ಟು ಮುಂದೆ ಹೋದಳು. ಎರಡನೆಯ ಗುಂಡಿಯಲ್ಲೂ ಹಾಗೇ. ಮೂರನೆಯದರಲ್ಲಿ ಎರಡು ಕಲ್ಲು ಎತ್ತಿ ನೋಡಿದಳು.

ತಾಯಿ ಕೋಡಿಯ ಮೇಲೆ ನಿಂತು ನೋಡುತ್ತಿದ್ದಳು. ಹಳ್ಳ ತಿರುಗುವ ಕಡೆ ಏಳನೆಯ ಗುಂಡಿ. ಅಷ್ಟು ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮಗಳು ಬಗ್ಗಿ ಒಂದು ಕಲ್ಲೆತ್ತಿದಳು, ತಿರುಗಿಸಿ ನೋಡಿದಳು, ಸದ್ದಾಗದ ಹಾಗೆ ಕೆಳಗಿಟ್ಟಳು. ಈ ಸಲ ಮುಂದೆ ಹೋಗಲಿಲ್ಲ.